ಹೈಡ್ ಪಾರ್ಕಿನ ಸೆಮಿನರಿ ಕೋ-ಆಪ್: ಶಿಕಾಗೋಗೆ ಬಂದ್ರೆ ಒಂದು ಮಧ್ಯಾಹ್ನ ಈ ಪುಸ್ತಕದ ಅಂಗಡಿಗೆ ಎತ್ತಿಡಿ

ಅಮ್ಮ ಮೈಸೂರಿಂದ ಫೋನಲ್ಲಿ ಕೇಳಿದ ಒಂದು ಪ್ರಶ್ನೆಯಿಂದ ಇದೆಲ್ಲ ಶುರುವಾಗಿದ್ದು. ವೀಸಾ ಆಯ್ತು, ಟಿಕೆಟ್ ಬುಕ್ ಆಯ್ತು, ಇಲ್ಲಿ ಏನೇನು ನೋಡ್ಬೇಕು ಹೇಳಮ್ಮಾ ಅಂದ್ರೆ, "ಎ. ಕೆ. ರಾಮಾನುಜನ್ ಪಾಠ ಮಾಡ್ತಿದ್ರಲ್ಲ, ಆ ಕಡೆ ಒಂದ್ಸಲ ಕರ್ಕೊಂಡು ಹೋಗು, ನಿಮ್ಮನೆಗೆ ಎಷ್ಟು ದೂರ ಅದು?" ಅಂದ್ರು. ಕವಿ, ಅನುವಾದಕ ರಾಮಾನುಜನ್ ಪಾಠ ಮಾಡ್ತಿದ್ದ ಶಿಕಾಗೋ ಯೂನಿವರ್ಸಿಟಿ ಇರೋದು ಹೈಡ್ ಪಾರ್ಕಲ್ಲಿ, ಊರಿನ ಸೌತ್ ಸೈಡಿಗೆ. ಅಮ್ಮ ಮೂವತ್ತು ವರ್ಷ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡಿದವರು. ನಾನು ನೇಪರ್‌ವಿಲ್‌ಗೆ ಬಂದು ಒಂಬತ್ತು ವರ್ಷ ಆಗಿತ್ತು, ಮೂವತ್ತು ಚಿಲ್ಲರೆ ಮೈಲಿ ಅಷ್ಟೇ, ಆದ್ರೆ ಹೈಡ್ ಪಾರ್ಕ್ ಕಡೆ ಒಂದು ದಿನಾನೂ ಹೋಗಿರ್ಲಿಲ್ಲ.

ಯಾಕೆ ಹೋಗಿರ್ಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಇಲ್ಲಿ ಸಬರ್ಬಲ್ಲಿರೋ ನಮ್ಮೋರು ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡೋ ಮಾತೇ "ಸೌತ್ ಸೈಡ್ ಕಡೆ ಹೋಗ್ಬೇಡಿ" ಅಂತ. ಊರಿಂದ ಯಾರಾದ್ರೂ ಬಂದ್ರೆ ತೋರಿಸೋ ಪಟ್ಟಿ ಎಲ್ಲರ ಮನೇಲೂ ಒಂದೇ, ಬೀನ್ ಅನ್ನೋ ಹೊಳೆಯೋ ಉಕ್ಕಿನ ಶಿಲ್ಪ, ಸಿಯರ್ಸ್ ಟವರ್ (ಈಗ ವಿಲ್ಲಿಸ್ ಟವರ್) ಮೇಲಿನ ಗಾಜಿನ ಡಬ್ಬಿ, ನದಿ ಮೇಲೆ ಬೋಟ್, ಸಂಜೆ ಡೆವನ್ ಅವೆನ್ಯೂದಲ್ಲಿ ದೋಸೆ, ಭಾನುವಾರ ಲೆಮಾಂಟ್ ದೇವಸ್ಥಾನ. ಇವೆಲ್ಲ ಚೆನ್ನಾಗೇ ಇವೆ, ನಾನೂ ಹತ್ತಾರು ಸಲ ಕರ್ಕೊಂಡು ಹೋಗಿದೀನಿ. ಆದ್ರೆ ಈ ಪಟ್ಟಿ ಹಿಡ್ಕೊಂಡು ಓಡಾಡಿದವರಿಗೆ ಈ ಊರಲ್ಲಿ ಕೂತು ಯಾರು ಏನು ಬರೆದ್ರು, ಯಾವ ಬೀದೀಲಿ ಬದುಕಿದ್ರು ಅನ್ನೋದು ಒಂಚೂರೂ ಗೊತ್ತಾಗಲ್ಲ.

ಅಮ್ಮ ಬರೋಕೆ ಎರಡು ತಿಂಗಳು ಮುಂಚೆ, ಮೊದಲು ನಾನು ಕಲ್ಕೊಳ್ಳೋಣ ಅಂತ ಡೌನ್‌ಟೌನಲ್ಲಿ ಒಂದು ಸಾಹಿತ್ಯದ ವಾಕಿಂಗ್ ಟೂರ್‌ಗೆ ದುಡ್ಡು ಕಟ್ಟಿದೆ. ಕಂಪನಿ ಹೆಸರು ಬೇಡ. ತಲೆಗೆ 35 ಡಾಲರ್, ಎರಡು ಗಂಟೆ. ನದಿ ಪಕ್ಕ ನಡೆಸಿದ್ರು, ನಾಲ್ಕು ದೊಡ್ಡ ಕಟ್ಟಡ ತೋರಿಸಿದ್ರು, ಹೆಮಿಂಗ್ವೇ ಹೆಸರು ಐದಾರು ಸಲ ಬಂತು, ಕೊನೆಗೆ ಒಂದು ಬಾರ್ ಮುಂದೆ ನಿಲ್ಲಿಸಿ ಮುಗೀತು ಅಂದ್ರು. ಕವಿ ಗ್ವೆಂಡೊಲಿನ್ ಬ್ರೂಕ್ಸ್ ಇದ್ದ ಕಡೆ ಹೋಗಲ್ವಾ ಅಂತ ಕೇಳಿದೆ, ಅದು ಸೌತ್ ಸೈಡು, ನಮ್ಮ ರೂಟಲ್ಲಿ ಬರಲ್ಲ ಅಂದ್ರು. ಈ ಊರಿನ ಬರಹಗಾರರ ಅರ್ಧಕ್ಕರ್ಧ ಕಥೆ ನಡೆದಿರೋದೇ ಆ ಕಡೆ. ಅದನ್ನೇ ಬಿಟ್ಟು ಸಾಹಿತ್ಯದ ಟೂರ್ ಅಂತ ಹೆಸರಿಟ್ಟು ದುಡ್ಡು ತಗೊಳ್ಳೋದು ತಪ್ಪು, ನನಗೆ ನಿಜವಾಗ್ಲೂ ಬೇಜಾರಾಯ್ತು. ಆ ಬೇಜಾರಲ್ಲೇ ಮುಂದಿನ ಶನಿವಾರ ಒಬ್ಬಳೇ ಹೈಡ್ ಪಾರ್ಕಿಗೆ ಹೊರಟೆ.

ಕಾರಲ್ಲಿ ಹೋಗಿ ಪಾರ್ಕಿಂಗ್‌ಗೆ ಅಲೆಯೋಕಿಂತ ರೈಲೇ ವಾಸಿ. ಮಿಲೇನಿಯಂ ಸ್ಟೇಷನ್ನಲ್ಲಿ ಮೆಟ್ರಾ ಎಲೆಕ್ಟ್ರಿಕ್ ಹತ್ತಿದ್ರೆ ಎಡಗಡೆ ಕೆರೆ ಕಾಣ್ತಾ ಕಾಣ್ತಾನೇ 57ನೇ ಸ್ಟ್ರೀಟ್ ಬಂದುಬಿಡುತ್ತೆ (ಕೆರೆ ಅಂದೆ, ಆಚೆ ದಡ ಕಾಣದ ಕೆರೆ ಅದು, ಮಿಶಿಗನ್ ಸರೋವರ). ಇಳಿದು 57ನೇ ಸ್ಟ್ರೀಟಲ್ಲಿ ಪಶ್ಚಿಮಕ್ಕೆ ನಡೀತಾ ಹೋಗ್ಬೇಕು. ಮೊದಲು ಹಾರ್ಪರ್ ಅವೆನ್ಯೂ ಮೂಲೇಲಿ ಪೊವೆಲ್ಸ್ ಅಂತ ಹಳೇ ಪುಸ್ತಕದ ಅಂಗಡಿ, ಆಮೇಲೆ ಬ್ಲ್ಯಾಕ್‌ಸ್ಟೋನ್, ಆಮೇಲೆ ಡಾರ್ಚೆಸ್ಟರ್.

ಡಾರ್ಚೆಸ್ಟರ್ ಮೂಲೇಲಿ ನಾನು ನಿಂತ್ಕೊಂಡೆ. ರಾಮಾನುಜನ್ 1986ರಲ್ಲಿ ತಂದ ಇಂಗ್ಲಿಷ್ ಸಂಕಲನದಲ್ಲಿ ಶಿಕಾಗೋ ಹೆಸರಿಟ್ಟುಕೊಂಡಿರೋ ಒಂದು ಪದ್ಯ ಇದೆ, ಅದರಲ್ಲಿ ಇದೇ 57ನೇ ಸ್ಟ್ರೀಟು ಡಾರ್ಚೆಸ್ಟರ್ ಸೇರೋ ಜಾಗ ಬರುತ್ತೆ. ಸಿಗ್ನಲ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ನಡೀತಿದ್ದವನು ಎಡವ್ತಾನೆ, ಎಡವಿ ಬೀಳೋದು ಕಾಡ್ಗಿಚ್ಚಿನೊಳಗೆ, ಅಲ್ಲಿಂದ ನೊರೆ ಉಕ್ಕಿಸ್ಕೊಂಡು ಹರಿಯೋ ಒಂದು ಹಿಮಾಲಯದ ನದಿಗೆ. ಹಾಲು ತರೋಕೆ ಹೋಗೋ ರಸ್ತೇಲಿ, ಸಿಗ್ನಲ್ ಬದಲಾಗೋ ಒಂದೆರಡು ಸೆಕೆಂಡಲ್ಲಿ ಇಷ್ಟೂ ಆಗಿಹೋಗುತ್ತೆ. ಅದನ್ನ ಓದಿದಾಗ ನಾನು ಅದು ಕಲ್ಪನೆಯ ಜಾಗ ಅಂದ್ಕೊಂಡಿದ್ದೆ. ಇಲ್ಲ, ನಿಜವಾದ ಮೂಲೆ ಅದು, ಸ್ಟ್ರೀಟ್ ಬೋರ್ಡ್ ಇದೆ, ಸೈಕಲ್ಲಲ್ಲಿ ಹುಡುಗರು ಹೋಗ್ತಿದ್ರು, ಒಬ್ಬ ಅಜ್ಜ ನಾಯಿ ಹಿಡ್ಕೊಂಡು ರಸ್ತೆ ದಾಟ್ತಿದ್ರು. ಅಂಗಡಿಗೆ ಹೋಗೋ ದಾರೀಲೇ ಅರ್ಧ ಕೆಲಸ ಆಗಿಹೋಯ್ತು ನನಗೆ.

ಅಲ್ಲಿಂದ ಮುಂದೆ ಕಿಂಬಾರ್ಕ್ ಹತ್ರ 57ನೇ ಸ್ಟ್ರೀಟ್ ಬುಕ್ಸ್ ಸಿಗುತ್ತೆ, 1983ರಲ್ಲಿ ಶುರುವಾಗಿದ್ದು, ರಸ್ತೆಯಿಂದ ಮೆಟ್ಟಿಲು ಇಳಿದು ಒಳಗೆ ಹೋಗ್ಬೇಕು. ಕಥೆ, ಕಾದಂಬರಿ, ಮಕ್ಕಳ ಪುಸ್ತಕ, ಅಡುಗೆ ಪುಸ್ತಕ ಬೇಕಾದವರಿಗೆ ಇದು ಸರಿ, ಮಕ್ಕಳಿದ್ರೆ ಇಲ್ಲಿಗೇ ಮೊದಲು ಹೋಗಿ. ಇದರ ದೊಡ್ಡಕ್ಕನೇ ಸೆಮಿನರಿ ಕೋ-ಆಪ್, ಇನ್ನೂ ಸ್ವಲ್ಪ ಮುಂದೆ ವುಡ್‌ಲಾನ್ ಅವೆನ್ಯೂದಲ್ಲಿ, ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ರೋಬಿ ಹೌಸ್ ಪಕ್ಕದಲ್ಲೇ. ಎರಡೂ ಒಂದೇ ಸಂಸ್ಥೆಯವು. ಒಬಾಮಾ ಈ ಏರಿಯಾದಲ್ಲಿದ್ದಾಗ ಇದರ ಸದಸ್ಯರಾಗಿದ್ದರು.

ಕೋ-ಆಪ್ ಶುರುವಾಗಿದ್ದು 1961ರಲ್ಲಿ, 17 ಜನ ತಲಾ ಹತ್ತು ಡಾಲರ್ ಹಾಕಿ. ನಮ್ಮ ಹಾಲಿನ ಸಹಕಾರ ಸಂಘ ಶುರುವಾಗೋ ಥರಾನೇ. ಒಂದು ಪಾದ್ರಿಗಳ ಕಾಲೇಜಿನ ನೆಲಮಾಳಿಗೇಲಿ ಇತ್ತಂತೆ, ಅದಕ್ಕೇ ಸೆಮಿನರಿ ಅನ್ನೋ ಹೆಸರು. ತಗ್ಗು ಚಾವಣಿ, ತಲೆ ಮೇಲೆ ಪೈಪುಗಳು, ಒಂದು ಸಂದಿಯಿಂದ ಇನ್ನೊಂದು ಸಂದಿಗೆ ತಿರುಗ್ತಾ ತಿರುಗ್ತಾ ಎಲ್ಲಿಂದ ಒಳಗೆ ಬಂದ್ವಿ ಅನ್ನೋದೇ ಮರೆತುಹೋಗೋ ಹಾಗಿತ್ತು ಅಂತ ಹಳಬರು ಈಗ್ಲೂ ಹೇಳ್ತಾರೆ. 2012ರಲ್ಲಿ ಆ ಜಾಗ ಬಿಟ್ಟು ಈಗಿನ ಕಡೆಗೆ ಬಂತು. ಹೊಸ ಅಂಗಡಿ ಡಿಸೈನ್ ಮಾಡಿದ್ದು ಸ್ಟಾನ್ಲಿ ಟೈಗರ್‌ಮನ್, ಅವರು ಅದನ್ನ ಒಂದು ಉದ್ದ ಹಾಲ್ ಥರ ಮಾಡ್ಲಿಲ್ಲ, ಹಳೇದರ ಹಾಗೇ ಕಪಾಟುಗಳನ್ನ ಅಂಕುಡೊಂಕಾಗಿ ಇಟ್ಟಿದಾರೆ. ಈಗ ಕಿಟಕಿ ಬೆಳಕಿದೆ, ಆದ್ರೂ ದಾರಿ ತಪ್ಪೋಕೆ ಬೇಕಾದಷ್ಟು ಮೂಲೆ ಇವೆ. ಬೆಂಗಳೂರಲ್ಲಿ ಚರ್ಚ್ ಸ್ಟ್ರೀಟ್ ಹತ್ರ ಇದ್ದ ಪ್ರೀಮಿಯರ್ ಬುಕ್‌ಶಾಪ್ ನೋಡಿದವರಿಗೆ (2009ರಲ್ಲಿ ಮುಚ್ಚಿತಲ್ಲ ಅದು) ಆ ಗುಡ್ಡೆ ಗುಡ್ಡೆ ಪುಸ್ತಕಗಳ ಮಧ್ಯೆ ನಿಂತಾಗ ಆಗ್ತಿದ್ದ ಖುಷಿ ನೆನಪಿದ್ರೆ ಸಾಕು, ಇಲ್ಲೂ ಅದೇ ಖುಷಿ, ಜಾಗ ಮಾತ್ರ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಬಾಗಿಲ ಹತ್ರಾನೇ ಒಂದು ದೊಡ್ಡ ಟೇಬಲ್, ಫ್ರಂಟ್ ಟೇಬಲ್ ಅಂತಾನೇ ಅದಕ್ಕೆ ಹೆಸರು, ಹೊಸದಾಗಿ ಬಂದ ಪುಸ್ತಕಗಳನ್ನ ಅಲ್ಲಿ ಹರಡಿರ್ತಾರೆ. ಬೆಸ್ಟ್ ಸೆಲ್ಲರ್ ಅಂತ ಬೆಟ್ಟ ಕಟ್ಟಿಟ್ಟಿರಲ್ಲ, ತತ್ವಶಾಸ್ತ್ರದ ಪಕ್ಕ ಪಕ್ಷಿಗಳ ಬಗ್ಗೆ ಒಂದು, ಅದರ ಪಕ್ಕ ಯಾವುದೋ ಸಣ್ಣ ಪ್ರೆಸ್ಸಿನ ಪದ್ಯ ಹೀಗೆ. ಮಾಮೂಲಿ ಪುಸ್ತಕದ ಅಂಗಡಿಗಳು ಏನ್ ಮಾಡ್ತವೆ ಅಂದ್ರೆ, ಕೆಲವು ತಿಂಗಳಲ್ಲಿ ಖರ್ಚಾಗ್ಲಿಲ್ಲ ಅಂದ್ರೆ ಪ್ರಕಾಶಕರಿಗೆ ವಾಪಸ್ ಕಳಿಸಿಬಿಡ್ತವೆ, ಕಪಾಟಿನ ಒಂದೊಂದು ಅಡಿಗೂ ಬಾಡಿಗೆ ಲೆಕ್ಕ ಇರುತ್ತಲ್ಲ. ಇಲ್ಲಿ ಹಾಗಲ್ಲ, ವರ್ಷಕ್ಕೆ ಒಂದೇ ಪ್ರತಿ ಹೋಗೋ ಪುಸ್ತಕಕ್ಕೂ ಜಾಗ ಕೊಡ್ತಾರೆ. 2019ರಲ್ಲಿ ಇದನ್ನ ಲಾಭಕ್ಕಲ್ಲದ ಸಂಸ್ಥೆ ಮಾಡಿದ್ರು, ಪುಸ್ತಕ ಮಾರೋದನ್ನೇ ಧ್ಯೇಯ ಅಂತ ಬರ್ಕೊಂಡು. ಇದು ದೊಡ್ಡ ವಿಷಯ ಅಂತ ನನಗನ್ಸುತ್ತೆ. ಸ್ಕೂಲು, ಲೈಬ್ರರಿಗೆ ಕೊಡೋ ಬೆಲೆನ ಒಂದು ಅಂಗಡಿಗೂ ಕೊಟ್ಟ ಹಾಗೆ.

ನಾನು ಅಂಗಡಿಯವರನ್ನ ಕೇಳಿದ್ದು ಇಷ್ಟೇ, ಈ ಊರಲ್ಲಿ ಬದುಕಿ ಈ ಊರನ್ನ ಬರೆದವರ ಪುಸ್ತಕ ಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ. ಕೌಂಟರಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡ್ಲೇ ಇಲ್ಲ, ಎದ್ದು ಬಂದು ಕಪಾಟಿಂದ ಕಪಾಟಿಗೆ ನಡೆಸ್ಕೊಂಡು ಹೋಗಿ ಒಂದೊಂದೇ ತೆಗೆದು ಕೈಗೆ ಕೊಟ್ಟಳು. ಒಂದು ಮೂಲೇಲಿ ಕುರ್ಚಿ ಟೇಬಲ್ ಇತ್ತು, ಅಲ್ಲಿ ಹರಡ್ಕೊಂಡು ಕೂತೆ. ಮೂರು ಗಂಟೆ ಹೊತ್ತು ಒಬ್ಬರೂ ಬಂದು ತಗೋತೀರಾ ಇಲ್ವಾ ಅಂತ ಕೇಳ್ಲಿಲ್ಲ.

ಮೊದಲು ತೆಗೆದಿದ್ದು ಗ್ವೆಂಡೊಲಿನ್ ಬ್ರೂಕ್ಸ್. ಹುಟ್ಟಿದ್ದು ಕ್ಯಾನ್ಸಸ್‌ನಲ್ಲಿ, ಕೈಕೂಸಾಗಿ ಶಿಕಾಗೋಗೆ ಬಂದವರು, 2000ದಲ್ಲಿ ತೀರಿಕೊಳ್ಳೋ ತನಕ ಇಲ್ಲೇ ಸೌತ್ ಸೈಡಲ್ಲೇ ಇದ್ದರು. 1945ರ ಮೊದಲ ಪುಸ್ತಕದಲ್ಲಿ ಕಿಚನೆಟ್ ಬಿಲ್ಡಿಂಗ್ ಬಗ್ಗೆ ಒಂದು ಪದ್ಯ ಇದೆ. ಕಿಚನೆಟ್ ಅಂದ್ರೆ ಇಲ್ಲಿನ ವಠಾರ ಅಂದ್ಕೊಳ್ಳಿ. ದಕ್ಷಿಣದ ರಾಜ್ಯಗಳಿಂದ ಲಕ್ಷಾಂತರ ಕಪ್ಪು ಜನ ಕೆಲಸ ಹುಡುಕ್ಕೊಂಡು ಈ ಊರಿಗೆ ಬಂದ್ರು, ಆದ್ರೆ ಅವರಿಗೆ ಮನೆ ಕೊಡ್ತಿದ್ದಿದ್ದು ಕೆಲವೇ ಬೀದಿಗಳಲ್ಲಿ, ಹಾಗಾಗಿ ಮಾಲೀಕರು ಒಂದೊಂದು ಮನೇನೂ ಹೋಳು ಹೋಳು ಮಾಡಿ ಒಂದು ರೂಮಿಗೆ ಒಂದು ಸಂಸಾರ ತುಂಬಿ ದುಡ್ಡು ಮಾಡ್ಕೊಂಡ್ರು, ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಆ ಪದ್ಯದಲ್ಲಿ ಕನಸು ಅನ್ನೋದು ಈರುಳ್ಳಿ ಹೊಗೆ, ನಿನ್ನೆಯ ಕಸದ ವಾಸನೆ ಇವುಗಳ ಮಧ್ಯೆ ಮೇಲೇಳಬಹುದಾ ಅಂತ ಯೋಚನೆ ಮಾಡ್ತಾ ಇರ್ತಾರೆ, ಅಷ್ಟರಲ್ಲಿ ಐದನೇ ನಂಬರಿನವರು ಬಚ್ಚಲಿಂದ ಆಚೆ ಬಂದ್ರು ಅಂತ ಗೊತ್ತಾಗುತ್ತೆ, ಕನಸು ಅಲ್ಲಿಗೇ ನಿಂತುಹೋಗುತ್ತೆ, ಉಗುರುಬೆಚ್ಚಗಿನ ನೀರಾದ್ರೂ ಸಿಗುತ್ತೇನೋ ಅಂತ ಓಡಬೇಕು. ನಮ್ಮಜ್ಜಿ ಬೆಂಗಳೂರಿನ ಚಾಮರಾಜಪೇಟೆಯ ವಠಾರದಲ್ಲಿ ಇಪ್ಪತ್ತು ವರ್ಷ ಇದ್ದವರು, ಬೆಳಿಗ್ಗೆ ಹಂಡೆ ನೀರಿಗೆ ಸರದಿ ಕಾಯ್ತಿದ್ದ ಕಥೆನ ಎಷ್ಟು ಸಲ ಹೇಳಿಲ್ಲ. ಶಿಕಾಗೋದ ಒಬ್ಬ ಕವಿ ನಮ್ಮಜ್ಜಿಗೆ ಇಷ್ಟು ಹತ್ತಿರ ಇರ್ತಾರೆ ಅಂತ ನಾನು ಎಣಿಸಿರ್ಲಿಲ್ಲ, ಟೇಬಲ್ ಮೇಲೆ ಪುಸ್ತಕ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಬ್ರೂಕ್ಸ್‌ಗೆ 1950ರಲ್ಲಿ ಪುಲಿಟ್ಜರ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಬರಹಗಾರ್ತಿ ಅಷ್ಟೇ ಅಲ್ಲ, ಕಪ್ಪು ಜನರಲ್ಲೇ ಮೊದಲಿಗರು ಅವರು. ಆ ಸುದ್ದಿ ಬಂದ ಸಂಜೆ ಮನೇಲಿ ಕರೆಂಟ್ ಇರ್ಲಿಲ್ಲ, ಬಿಲ್ ಕಟ್ಟದೆ ತೆಗೆದುಬಿಟ್ಟಿದ್ರು. ಅವರೇ ಇದನ್ನ ಆಮೇಲೆ ಎಷ್ಟೋ ಕಡೆ ಹೇಳ್ಕೊಂಡಿದಾರೆ. ಒಂದು ಕಾಲದಲ್ಲಿ ಅವರಿದ್ದಿದ್ದು ಮೂಲೆಯ ಎರಡನೇ ಮಹಡಿ ಮನೆ, ಎರಡು ಕಡೆ ಕಿಟಕಿ, ಈ ಕಡೆ ನೋಡಿದ್ರೆ ಒಂದು ಪದ್ಯ ಆ ಕಡೆ ನೋಡಿದ್ರೆ ಇನ್ನೊಂದು, ವಸ್ತುಗೋಸ್ಕರ ಎಲ್ಲೂ ಹೋಗ್ಬೇಕಾಗಿರ್ಲಿಲ್ಲ ಅವರಿಗೆ. ಆ ಬೀದಿಯಿರೋದು ಈ ಅಂಗಡಿಯಿಂದ ಸ್ವಲ್ಪ ದಕ್ಷಿಣಕ್ಕೆ, 63ನೇ ಸ್ಟ್ರೀಟು. ಟೂರ್‌ನವರ ರೂಟಲ್ಲಿ ಬರಲ್ಲ ಅಂದಿದ್ದು ಇದನ್ನೇ.

ಇನ್ನೊಂದು ಲೊರೇನ್ ಹ್ಯಾನ್ಸ್‌ಬೆರಿ. ಆಗ ಇಲ್ಲಿ ಮನೆ ಕ್ರಯಪತ್ರದಲ್ಲೇ ಬರೆದಿರ್ತಿತ್ತು, ಈ ಆಸ್ತಿನ ಕಪ್ಪು ಜನರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಅಂತ. ಇವರ ತಂದೆ 1937ರಲ್ಲಿ ಅಂಥ ಬೀದೀಲಿ, ರೋಡ್ಸ್ ಅವೆನ್ಯೂದಲ್ಲಿ, ಮನೆ ತಗೊಂಡ್ರು. ಜನ ಗುಂಪು ಕಟ್ಟಿಕೊಂಡು ಬಂದು ಕಲ್ಲು ಎಸೆದ್ರು, ಪುಟ್ಟ ಲೊರೇನ್ ತಲೆಗೆ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 1940ರಲ್ಲಿ ಇವರ ಕಡೆ ತೀರ್ಪು ಬಂತು. ಆ ಹುಡುಗಿ ಬೆಳೆದು ಒಂದು ಕಪ್ಪು ಸಂಸಾರ ಬಿಳಿಯರ ಬೀದೀಲಿ ಮನೆ ತಗೊಳ್ಳೋ ನಾಟಕ ಬರೆದಳು, ಎ ರೈಸಿನ್ ಇನ್ ದ ಸನ್ ಅಂತ, 1959ರಲ್ಲಿ ಬ್ರಾಡ್‌ವೇಗೆ ಹೋಯ್ತು, ಕಪ್ಪು ಹೆಂಗಸೊಬ್ಬಳ ನಾಟಕ ಬ್ರಾಡ್‌ವೇ ಹತ್ತಿದ್ದು ಅದೇ ಮೊದಲು. ಮನೆ ತೋರಿಸೋಕೆ ಮುಂಚೆ "ನೀವು ಯಾವ ಜನ" ಅಂತ ಕೇಳೋ ಊರಿಂದ ಬಂದ ನಾವು ಈ ನಾಟಕನ ಓದಲೇಬೇಕು. ನಾನು ಇದನ್ನ ಅಲ್ಲೇ ಕೂತು ಮೊದಲ ಅಂಕ ಮುಗಿಸಿ ಆಮೇಲೆ ತಗೊಂಡೆ.

ರಿಚರ್ಡ್ ರೈಟ್ 1927ರಲ್ಲಿ ಬಂದವರು, ಪೋಸ್ಟಾಫೀಸಲ್ಲಿ ಟಪಾಲು ವಿಂಗಡಿಸೋ ಕೆಲಸ ಮಾಡ್ತಾ ಬರೀತಿದ್ರು. ಸ್ಯಾಂಡ್ರಾ ಸಿಸ್ನೆರೋಸ್ ಇಲ್ಲೇ ಹುಟ್ಟಿದವರು, ಮೆಕ್ಸಿಕನ್ ಮನೆತನ, ತುಂಡು ತುಂಡು ಅಧ್ಯಾಯಗಳ ಸಣ್ಣ ಪುಸ್ತಕ, ಇಂಗ್ಲಿಷ್ ಕಷ್ಟ ಅನ್ನೋರಿಗೂ ಓದಿಸ್ಕೊಂಡು ಹೋಗುತ್ತೆ. ಸಾಲ್ ಬೆಲೋ ಹುಟ್ಟಿದ್ದು ಕೆನಡಾದಲ್ಲಿ, ಒಂಬತ್ತು ವರ್ಷಕ್ಕೆ ಇಲ್ಲಿಗೆ ಬಂದವರು, ಆದ್ರೂ ಅವರ ಹೆಸರಾಂತ ಕಾದಂಬರಿಯ ನಾಯಕ ಮೊದಲ ಸಾಲಲ್ಲೇ ನಾನು ಹುಟ್ಟಿದ್ದು ಶಿಕಾಗೋದಲ್ಲಿ ಅಂತಾನೆ. 1976ರಲ್ಲಿ ನೊಬೆಲ್.

ಟೇಬಲ್ ಮೇಲೆ ಇವರನ್ನೆಲ್ಲ ಸಾಲಾಗಿಟ್ಟು ನೋಡ್ತಿದ್ದಾಗ ನನಗೆ ಹೊಳೀತು. ಬ್ರೂಕ್ಸ್ ಬೇರೆ ಊರಲ್ಲಿ ಹುಟ್ಟಿದವರು, ರೈಟ್ ಬೇರೆ ಊರು, ಬೆಲೋ ಬೇರೆ ದೇಶ. ಆದ್ರೂ ಇವರು ಶಿಕಾಗೋ ಬರಹಗಾರರು ಅನ್ನೋದ್ರಲ್ಲಿ ಯಾರಿಗೂ ಅನುಮಾನ ಇಲ್ಲ. ಹಾಗಿದ್ಮೇಲೆ ರಾಮಾನುಜನ್? 1929ರಲ್ಲಿ ಮೈಸೂರಲ್ಲಿ ಹುಟ್ಟಿ, ಅರವತ್ತರ ದಶಕದ ಶುರುವಲ್ಲಿ, ಅಂದ್ರೆ ಈ ಅಂಗಡಿ ಹುಟ್ಟಿದ ಹೊತ್ತಿಗೇ, ಶಿಕಾಗೋ ಯೂನಿವರ್ಸಿಟಿಗೆ ಬಂದವರು ಮೂವತ್ತು ವರ್ಷದ ಮೇಲೆ ಇಲ್ಲೇ ಇದ್ದು 1993ರ ಜುಲೈ 13ರಂದು ಇದೇ ಊರಲ್ಲಿ ತೀರಿಕೊಂಡ್ರು. ಬೆಲೋ, ಇವರು ಇಬ್ಬರೂ ಆ ಯೂನಿವರ್ಸಿಟಿಯ ಕಮಿಟಿ ಆನ್ ಸೋಷಿಯಲ್ ಥಾಟ್ ಅನ್ನೋ ಒಂದೇ ವಿಭಾಗದಲ್ಲಿದ್ದವರು. ಅವರ ಕನ್ನಡ ಸಂಕಲನಗಳು, "ಹೊಕ್ಕುಳಲ್ಲಿ ಹೂವಿಲ್ಲ" 1969ರಲ್ಲಿ ಬಂದಾಗ, "ಮತ್ತು ಇತರ ಪದ್ಯಗಳು" 1977ರಲ್ಲಿ ಬಂದಾಗ, "ಕುಂಟೋಬಿಲ್ಲೆ" 1990ರಲ್ಲಿ ಬಂದಾಗ ಅವರಿದ್ದಿದ್ದು ಈ ಬೀದಿಗಳಲ್ಲಿ. ನಮ್ಮಲ್ಲಿ ಅವರನ್ನ ಮೈಸೂರಿನವರು, ಅಮೆರಿಕಾಗೆ ಹೋದ್ರು, ಅಲ್ಲಿಂದ ಕನ್ನಡ ಬರೆದ್ರು ಅಂತ ಹೇಳಿ ಮುಗಿಸ್ತೀವಿ. ಅಮೆರಿಕಾ ಅನ್ನೋದು ಅಲ್ಲೊಂದು ಖಾಲಿ ಜಾಗ ಅನ್ನೋ ಹಾಗೆ. ಅದು ಸರಿಯಲ್ಲ ಅಂತ ನಾನು ಖಂಡಿತ ಹೇಳ್ತೀನಿ. ಅವರ ಪದ್ಯದಲ್ಲಿ ಹದಿನಾಲ್ಕನೇ ಮಹಡಿ ಕಿಟಕೀಲಿ ತೆವಳೋ ಮಿಶಿಗನ್ ಸರೋವರ ಇದೆ, ಮೆಟ್ಟಿಲಿದೆ, ಸಿಗ್ನಲ್ ಇದೆ. ಕನ್ನಡದಲ್ಲಿ ಬರೆದ ಶಿಕಾಗೋ ಬರಹಗಾರರು ಅವರು, ಬ್ರೂಕ್ಸ್ ಪಕ್ಕ ಅವರನ್ನಿಟ್ಟು ಓದಿದಾಗ ನನಗೆ ಎರಡೂ ಕಡೆ ಹೊಸದು ಕಾಣಿಸ್ತು.

ಇಲ್ಲೇ ಇನ್ನೊಂದು ಮಾತು. ಕೋ-ಆಪ್‌ಗೆ ಹೋಗಿ ಕನ್ನಡ ಪುಸ್ತಕ ಹುಡುಕಬೇಡಿ, ಅದು ಇಂಗ್ಲಿಷ್ ಅಂಗಡಿ. ಕನ್ನಡ ಪುಸ್ತಕ ಇರೋದು ಹತ್ತಿರದಲ್ಲೇ ಇರೋ ಯೂನಿವರ್ಸಿಟಿಯ ರೀಗನ್‌ಸ್ಟೈನ್ ಲೈಬ್ರರೀಲಿ. ಅವು ಇಲ್ಲಿಗೆ ಬಂದಿದ್ದೇ ಒಂದು ಕಥೆ. ಅಮೆರಿಕಾ ನಮಗೆ ಗೋಧಿ ಕೊಡ್ತಿತ್ತಲ್ಲ, ಪಿಎಲ್-480 ಅಂತ ನಮ್ಮ ಹಿರಿಯರು ಈಗ್ಲೂ ಹೇಳೋದು, ಆ ಗೋಧಿಗೆ ಇಂಡಿಯಾ ರೂಪಾಯಲ್ಲೇ ಕೊಟ್ಟ ದುಡ್ಡು ಅಲ್ಲೇ ಉಳಿದಿತ್ತು, 1962ರಿಂದ ಅದರಲ್ಲಿ ಒಂದು ಪಾಲಲ್ಲಿ ಇಂಡಿಯಾದ ಭಾಷೆಗಳ ಪುಸ್ತಕ ಕೊಂಡು ಇಲ್ಲಿನ ಲೈಬ್ರರಿಗಳಿಗೆ ಹಡಗಲ್ಲಿ ಕಳಿಸ್ತಿದ್ರು, ಅದರಲ್ಲಿ ಶಿಕಾಗೋನೂ ಒಂದು. ನಾವು ತಿಂದ ಗೋಧಿಗೆ ಕನ್ನಡ ಪುಸ್ತಕ ಈ ಕಡೆ ಬಂತು. ರಾಮಾನುಜನ್ ಅವರ ಡೈರಿ, ಕಾಗದ ಪತ್ರ, ಕರಡುಗಳೂ ಆ ಲೈಬ್ರರಿಯ ವಿಶೇಷ ಸಂಗ್ರಹದಲ್ಲೇ ಇವೆ, ಡೈರಿಯ ಆಯ್ದ ಭಾಗ 2019ರಲ್ಲಿ ಪುಸ್ತಕವಾಗಿ ಬಂದಿದೆ. ಹೊರಗಿನವರು ಒಳಗೆ ಹೋಗೋಕೆ ಮೊದಲೇ ವಿಚಾರಿಸಿಕೊಂಡು ಹೋಗಿ.

ಅಮ್ಮ ಬಂದಿದ್ದು ಜೂನ್‌ನಲ್ಲಿ. ಈ ಸಲ ಕಾರಲ್ಲೇ ಹೋದ್ವಿ, ಮಂಡಿ ನೋವಿದೆ ಅವರಿಗೆ, 57ನೇ ಸ್ಟ್ರೀಟ್ ಬುಕ್ಸಿನ ಮೆಟ್ಟಿಲು ಬೇಡ ಅಂತ ನೇರ ಕೋ-ಆಪ್‌ಗೇ ಕರ್ಕೊಂಡು ಹೋದೆ. ಮನೇಲಿ ಅವರು ಟಿವಿ ಮುಂದೆ ಕೂತು ದಿನ ಎಣಿಸ್ತಿದ್ರು, ಆಚೆ ಹೋದ್ರೆ ಮಾತಾಡ್ಸೋಕೆ ಒಂದು ನರಪಿಳ್ಳೆ ಇಲ್ಲ ಅಂತಿದ್ರು, ನಮ್ಮ ಅಪ್ಪ ಅಮ್ಮಂದಿರನ್ನ ಇಲ್ಲಿಗೆ ಕರೆಸಿಕೊಂಡವರಿಗೆಲ್ಲ ಇದು ಗೊತ್ತಿರೋದೇ. ಅಂಗಡಿ ಒಳಗೆ ಕಾಲಿಟ್ಟಿದ್ದೇ ತಡ, ನನ್ನ ಕೈ ಬಿಟ್ಟು ತಾವೇ ಕಪಾಟಿನ ಸಂದೀಲಿ ಹೊರಟುಹೋದ್ರು. ಹುಡುಕಿದ್ರೆ ಇಂಡಿಯಾ ಪುಸ್ತಕಗಳ ಮುಂದೆ ನಿಂತಿದ್ರು, ಕೈಯಲ್ಲಿ ಆಗಲೇ ರಾಮಾನುಜನ್ ಅನುವಾದಿಸಿದ ವಚನಗಳು, ಸ್ಪೀಕಿಂಗ್ ಆಫ್ ಶಿವ. 1973ರಲ್ಲಿ ಪೆಂಗ್ವಿನ್ ತಂದಿದ್ದು, ಬಸವಣ್ಣ, ದೇವರ ದಾಸಿಮಯ್ಯ, ಅಕ್ಕ ಮಹಾದೇವಿ, ಅಲ್ಲಮ ಈ ನಾಲ್ವರು ಅದರಲ್ಲಿ.

ಕುರ್ಚಿ ಕೊಟ್ರು, ಕೂತ್ಕೊಂಡ್ರು. ಕನ್ನಡಕ ಏರಿಸ್ಕೊಂಡು ಬೆರಳಿಟ್ಟು ಓದ್ತಾ ಇದ್ದವರು ಒಂದು ಕಡೆ ನಿಂತು ಬಾಯಲ್ಲಿ ಕನ್ನಡ ಹೇಳ್ಕೊಳ್ಳೋಕೆ ಶುರು ಮಾಡಿದ್ರು, ಉಳ್ಳವರು ಶಿವಾಲಯವ ಮಾಡುವರು. ರಾಮಾನುಜನ್ ಉಳ್ಳವರು ಅನ್ನೋದಕ್ಕೆ ರಿಚ್ ಅಂತ ಹಾಕಿದಾರೆ. "ರಿಚ್ ಅಂದ್ರೆ ಸಾಲದು ಕಣೇ, ಉಳ್ಳವರು ಅಂದ್ರೆ ಇರೋರು. ಉಳ್ಳ ಅನ್ನೋದ್ರಲ್ಲೇ ಇರೋದು ಅನ್ನೋ ಅರ್ಥ ಕೂತಿದೆ, ಇರೋರು ಕಟ್ತಾರೆ, ಇಲ್ಲದವನು ತನ್ನ ಮೈಯನ್ನೇ ಗುಡಿ ಮಾಡ್ತಾನೆ" ಅಂದ್ರು. ಆಮೇಲೆ ಕೆಳಗೆ ಬಂದು ಸ್ಥಾವರಕ್ಕೆ ಸ್ಟ್ಯಾಂಡಿಂಗ್, ಜಂಗಮಕ್ಕೆ ಮೂವಿಂಗ್ ಅಂತ ಹಾಕಿರೋದನ್ನ ನೋಡಿ ತಲೆದೂಗಿದ್ರು, "ಇದನ್ನ ಮಾತ್ರ ಹಿಡಿದುಬಿಟ್ಟಿದಾರೆ ನೋಡು" ಅಂತ. ಸ್ಥಾವರ ಅನ್ನೋದಕ್ಕೂ ಇಂಗ್ಲಿಷಿನ ಸ್ಟ್ಯಾಂಡ್ ಅನ್ನೋದಕ್ಕೂ ಬೇರು ಒಂದೇ ಅಂತ ಪುಸ್ತಕದ ಮುನ್ನುಡೀಲಿ ಅವರೇ ವಿವರಿಸಿದಾರೆ, ಅದನ್ನ ನಾನು ತೋರಿಸಿದೆ, ಅಮ್ಮ ಅದನ್ನ ಎರಡು ಸಲ ಓದಿಸಿದ್ರು.

ಪಕ್ಕದ ಕುರ್ಚೀಲಿದ್ದ ಒಬ್ಬ ಸ್ಟೂಡೆಂಟ್ ಹುಡುಗ ತಡೀಲಾರದೆ ಕೇಳಿದ, ಯಾವ ಭಾಷೆ ಇದು ಅಂತ. ಅವನಿಗೆ ಕ್ಲಾಸಲ್ಲಿ ಇದೇ ಪುಸ್ತಕ ಇತ್ತಂತೆ, ಮೂಲ ಹೇಗಿರುತ್ತೆ ಅಂತ ಒಂದ್ಸಲನೂ ಕೇಳಿರ್ಲಿಲ್ಲವಂತೆ, ಒಂದು ಹೇಳ್ತಾರಾ ಅಂದ. ಅಮ್ಮ ಸೆರಗು ಸರಿಮಾಡ್ಕೊಂಡು, ಕ್ಲಾಸಲ್ಲಿ ನಿಂತ ಹಾಗೇ, ಮೊದಲು ಬಿಡಿಸಿ ಹೇಳಿದ್ರು, ಆಮೇಲೆ ಪೂರ್ತಿ. ನಾನೇನ ಮಾಡಲಿ ಬಡವನಯ್ಯಾ ಅನ್ನೋ ಹತ್ರ ದನಿ ಇಳೀತು. ಕಪಾಟು ಜೋಡಿಸ್ತಿದ್ದ ಅಂಗಡಿ ಹುಡುಗೀನೂ ಪುಸ್ತಕ ಕೈಯಲ್ಲೇ ಹಿಡ್ಕೊಂಡು ನಿಂತಿದ್ಲು. ಹುಡುಗ ಅವನ ಪುಸ್ತಕದ ಅಂಚಲ್ಲಿ "ಉಳ್ಳವರು" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡ, ಅಮ್ಮ ಅದರ ಪಕ್ಕ ಕನ್ನಡದಲ್ಲಿ ಬರೆದುಕೊಟ್ರು. ಅಂಗಡಿ ಮೊದಲು ನೆಲಮಾಳಿಗೇಲಿತ್ತು, ಜಾಗ ಬದಲಾಯಿಸಿ ಇಲ್ಲಿಗೆ ಬಂತು ಅಂತ ನಾನು ಹೇಳಿದಾಗ "ಹಾಗಾದ್ರೆ ಜಂಗಮದ ಅಂಗಡಿ" ಅಂದ್ರು ಅಮ್ಮ, ತುಂಬಾ ಖುಷೀಲಿದ್ರು.

ದುಡ್ಡಿನ ವಿಷಯ ಹೇಳ್ಬೇಕಲ್ಲ. ಪುಸ್ತಕದ ಮೇಲೆ ಅಚ್ಚಾಗಿರೋ ಬೆಲೆನೇ ಕೊಡ್ಬೇಕು, ಮೇಲೆ ಶಿಕಾಗೋ ಟ್ಯಾಕ್ಸ್ ನೂರಕ್ಕೆ ಹತ್ತು ಚಿಲ್ಲರೆ ಬೀಳುತ್ತೆ, ಆನ್‌ಲೈನಲ್ಲಿ ಇದಕ್ಕಿಂತ ಕಮ್ಮಿಗೆ ಸಿಗೋದು ಇದ್ದೇ ಇರುತ್ತೆ. ನಾವು ಮೂರು ಪುಸ್ತಕಕ್ಕೆ 60 ಡಾಲರ್ ಹತ್ರ ಕೊಟ್ವಿ. ನನಗೆ ಒಂದು ಪೈಸೆನೂ ಜಾಸ್ತಿ ಅನ್ನಿಸ್ಲಿಲ್ಲ. ಆ ಟೂರ್‌ಗೆ ಕೊಟ್ಟ 35 ಡಾಲರ್‌ನಲ್ಲಿ ಇನ್ನೆರಡು ಪುಸ್ತಕ ಬರ್ತಿತ್ತು ಅನ್ನೋದೊಂದೇ ಕೊರಗು. ಕಾಫಿ ಬೇಕಾದ್ರೆ ಪಕ್ಕದಲ್ಲೇ ಕೆಫೆ ಇದೆ. ಹೋಗೋರು ವೀಕೆಂಡ್ ಮಧ್ಯಾಹ್ನ ಹೋಗಿ, ಕೈಯಲ್ಲಿ ಎರಡು ಮೂರು ಗಂಟೆ ಇಟ್ಕೊಂಡು ಹೋಗಿ, ಏನು ಬೇಕು ಅಂತ ಗೊತ್ತಿಲ್ದಿದ್ರೂ ಕೌಂಟರಲ್ಲಿ ಕೇಳಿ. ಮನೆಯಿಂದ ಹಿರಿಯರು ಬಂದಿದ್ರೆ ದಯವಿಟ್ಟು ಅವರನ್ನ ಬೀನ್ ಮುಂದೆ ಫೋಟೋ ತೆಗೆಸಿ ಅಷ್ಟಕ್ಕೇ ಮನೆಗೆ ಕರ್ಕೊಂಡು ಬರಬೇಡಿ, ಓದೋ ಅಭ್ಯಾಸ ಇರೋರಾದ್ರಂತೂ ಇಲ್ಲಿಗೆ ಕರ್ಕೊಂಡು ಹೋಗ್ಲೇಬೇಕು.

ವಾಪಸ್ ಬರ್ತಾ ಕಾರನ್ನ ಡಾರ್ಚೆಸ್ಟರ್ ಮೂಲೆ ಹತ್ರ ನಿಧಾನ ಮಾಡಿ, ಆ ಪದ್ಯದ ಜಾಗ ಇದೇ ಅಮ್ಮ ಅಂದೆ. ನಿಲ್ಲಿಸು ಅಂದ್ರು. ಸ್ವಲ್ಪ ಮುಂದೆ ಜಾಗ ಸಿಕ್ತು, ಇಳಿದು ಮೂಲೆ ತನಕ ನಡ್ಕೊಂಡು ಬಂದ್ವಿ. ಅಮ್ಮ ನಾಲ್ಕೂ ದಿಕ್ಕಿಗೆ ನೋಡಿದ್ರು, ಇಟ್ಟಿಗೆ ಮನೆಗಳು, ಮರಗಳು, ಪೂರ್ವದ ಕಡೆ ರೈಲಿನ ಸೇತುವೆ. "ಮೈಸೂರಿನ ಸರಸ್ವತಿಪುರಂ ಥರಾನೇ ಇದೆಯಲ್ಲೇ" ಅಂತ ಅಂದ್ರು, ಆಮೇಲೆ ನನ್ನ ಭುಜ ಹಿಡ್ಕೊಂಡು ಮೆಲ್ಲಗೆ ರಸ್ತೆ ದಾಟಿ, ಆ ಕಡೆ ಒಂದು ನಿಮಿಷ ನಿಂತು, ಮತ್ತೆ ದಾಟಿ ಈ ಕಡೆ ಬಂದ್ರು.

ನವೆಂಬರಲ್ಲಿ ಊರಿಗೆ ಹೊರಟಾಗ ಸೂಟ್‌ಕೇಸು 23 ಕೆಜಿ ದಾಟಿತ್ತು. ಬಾತ್‌ರೂಮ್ ತಕ್ಕಡಿ ಮೇಲೆ ಇಟ್ಟು ಇಟ್ಟು ನೋಡಿದ್ವಿ, ಎರಡು ಕೆಜಿ ಜಾಸ್ತಿ. ಅಕ್ಕಪಕ್ಕದವರಿಗೆ ಅಂತ ಕಾಸ್ಟ್‌ಕೋದಲ್ಲಿ ತಗೊಂಡಿದ್ದ ಬಾದಾಮಿ ಪ್ಯಾಕೆಟ್ಟುಗಳನ್ನ ಒಂದೊಂದಾಗಿ ಹೊರಗೆ ತೆಗೆದಿಟ್ರು, ಮೂರು ಪುಸ್ತಕಾನ ಸೀರೆ ಮಧ್ಯೆ ಸುತ್ತಿ ವಾಪಸ್ ಒಳಗಿಟ್ರು.